ನಾನು ಚಂದ ಮಾಡಿದ ಕತ್ತಿ

ನನ್ನ ಮನೆಯಲ್ಲಿ ಏಳು ಕತ್ತಿಗಳಿವೆ. ತರಕಾರಿ ಹೆಚ್ಚುವುದಕ್ಕೆ ಒಂದೂ ಬಾರದು ಎಂಬುದು ನನ್ನ ಹೆಂಡತಿಯ ಹಳೆಯ ಅಹವಾಲು. ಅದನ್ನು ನಾನು ಪ್ರತಿ ಸಲವೂ ಸಾದರವಾಗಿ ಸ್ವೀಕರಿಸಿ, ಮುಂದಿನ ಕ್ರಮಕ್ಕಾಗಿ ಬಾಕಿ ಇರಿಸುತ್ತ ಬಂದಿದ್ದೇನೆ. ಏಳೂ ಬಾಗಿದ ಕತ್ತಿಗಳು, ತಲವಾರುಗಳು. ಮಾದಾಪುರದ ರಸ್ತೆ ಬದಿಯ ನಮ್ಮ ಮನೆಗೆ ಎರಡು ಕೋಣೆ. ಒಂದು ನಮಗೆ, ಒಂದು ಅವುಗಳಿಗೆ. ನೆಂಟರು ಬಂದರೆ ಅವುಗಳ ಕೋಣೆಯಲ್ಲೇ ಮಲಗಬೇಕು. ಎರಡನೆಯ ದಿನಕ್ಕೆ ಉಳಿದ ನೆಂಟರು ಇದುವರೆಗೆ ಇಲ್ಲ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಮುದುಕನಾದವನಿಗೆ ಈ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ನಮ್ಮ ಮನೆಯಲ್ಲಿ ಕತ್ತಿ ಇರಲಿಲ್ಲ. ನಮ್ಮ ಹಿರಿಯರು ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರಕ್ಕೆ ಬೇಸಾಯಕ್ಕೆಂದು ಬಂದವರು. ಬರುವಾಗ ನೇಗಿಲು, ಎರಡು ಎಮ್ಮೆ, ಒಂದು ಒರಳುಕಲ್ಲು ತಂದಿದ್ದರು. ಕತ್ತಿ ಸಾಮಾನಿನ ಪಟ್ಟಿಯಲ್ಲಿ ಇರಲಿಲ್ಲ. ಶಾಲೆಯ ಗೆಳೆಯರ ಮನೆಗೆ ಹೋದರೆ ಗೋಡೆಯ ಮೇಲೆ ಕೋವಿ, ಅದರ ಪಕ್ಕ ಕತ್ತಿ. ನಮ್ಮ ಗೋಡೆಯ ಮೇಲೆ ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್. ಅದೂ ಬಾಗುತ್ತಿತ್ತು, ಆದರೆ ತೇವಕ್ಕೆ.

ಕತ್ತಿ ಕೂಡಿಡುವವರಿಗೆ ಬಾಗಿದ ಕತ್ತಿಯ ಮೇಲೆಯೇ ಯಾಕೆ ಇಷ್ಟು ಮೋಹ ಎಂಬುದನ್ನು ವಿವರಿಸಲು ಹೋಗಿ ನಾನು ಎಷ್ಟೋ ಮದುವೆ ಊಟಗಳನ್ನು ಕೆಡಿಸಿದ್ದೇನೆ. ನೇರ ಕತ್ತಿಯಲ್ಲಿ ಅದರ ಉದ್ದೇಶ ಕಾಣುತ್ತದೆ. ಬಾಗಿದ ಕತ್ತಿಯಲ್ಲಿ ಮಾಡಿದವನ ಕೈ ಕಾಣುತ್ತದೆ. ಬಾಗು ಎಲ್ಲಿ ಶುರುವಾಗಬೇಕು, ಎಲ್ಲಿ ಆಳವಾಗಬೇಕು, ತುದಿಗೆ ಬರುವಾಗ ಎಷ್ಟು ಸಡಿಲವಾಗಬೇಕು ಎಂಬುದನ್ನು ಆ ಕಮ್ಮಾರ ಯಾವ ಅಳತೆಕೋಲಿನಿಂದಲೂ ಕಲಿತಿರಲಾರ. ಹಾಗಾಗಿ ನಾವು ಒಂದು ಕತ್ತಿ ಸಿಕ್ಕಿದರೆ ಅದನ್ನು ಚಾಚಿದ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಬೆನ್ನಿನ ಗುಂಟ ದೃಷ್ಟಿ ಹರಿಸುತ್ತೇವೆ. ಉಗುರಿನಿಂದ ತಟ್ಟಿ ಕಿವಿಗೊಡುತ್ತೇವೆ. ಕೊನೆಗೆ ಮೂಸುತ್ತೇವೆ. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ನಾಚಿಕೆಗೆಟ್ಟು ನೋಡುವುದಿಲ್ಲ. ಅದರ ಹಿಡಿಯೊಳಗೆ ನನ್ನ ನಾಲ್ಕು ಬೆರಳು ಹಿಡಿಸುವುದಿಲ್ಲ ಎಂಬುದು ಬೇರೆ ಮಾತು. ಹಳೆಯ ಕಾಲದವರ ಅಂಗೈ ಚಿಕ್ಕದಿತ್ತು, ಅಥವಾ ಸೀಮೆಸುಣ್ಣ ಹಿಡಿದ ಕೈಗೆ ಅದು ಬೇಡ ಎಂದು ಅವರು ಮೊದಲೇ ತೀರ್ಮಾನಿಸಿದ್ದರು.

ಇದೆಲ್ಲಕ್ಕಿಂತ ಮಿಗಿಲಾದದ್ದು ನೀರು. ಕೆಲವು ಹಳೆಯ ಉಕ್ಕಿನ ಒಳಗೆ, ಕೆರೆಯ ಮೇಲೆ ಸಣ್ಣ ಗಾಳಿ ಹಾದು ಹೋದಾಗ ಏಳುವ ಗೆರೆಗಳ ಹಾಗೆ, ಕಪ್ಪು ಬಿಳಿ ಅಲೆಗಳಿರುತ್ತವೆ. ಮೇಲೆ ಬರೆದದ್ದಲ್ಲ, ಉಕ್ಕು ಕರಗಿ ಗಟ್ಟಿಯಾಗುವಾಗಲೇ ಒಳಗೆ ನಿಂತದ್ದು. ಅದಕ್ಕೆ ನಾವು ನೀರು ಎನ್ನುತ್ತೇವೆ. ನೀರಿರುವ ಕತ್ತಿಯನ್ನು ನೋಡಿದವನು ಅರ್ಧ ಗಂಟೆ ಮಾತಾಡುವುದಿಲ್ಲ. ಆಮೇಲೆ ಬೇರೆ ಏನನ್ನೂ ಮಾತಾಡುವುದಿಲ್ಲ. ನನ್ನ ಏಳು ಕತ್ತಿಗಳಲ್ಲಿ ಒಂದಕ್ಕೂ ನೀರಿಲ್ಲ.

ನಮ್ಮ ಪಂಥಕ್ಕೆ ಒಂದೇ ಆಜ್ಞೆ: ಉಜ್ಜಬೇಡ. ಹಳೆಯ ಕತ್ತಿಯ ಮೇಲಿನ ಕಪ್ಪು, ಕಲೆ, ಎಣ್ಣೆ ಜಿಡ್ಡು, ಮುರುಕು ಬಾಯಿ, ಇವೆಲ್ಲ ಅದರ ವಯಸ್ಸು. ತುಕ್ಕು ಹೆಚ್ಚಾದರೆ ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಒರೆಸಿ, ಸುಮ್ಮನಿರು. ಫೋನಿನಲ್ಲಿ ನಮ್ಮದೊಂದು ಗುಂಪಿದೆ. ಅಲ್ಲಿ ಒಬ್ಬಾತ ಅಜ್ಜನ ಕತ್ತಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಥಳಥಳ ಮಾಡಿ ಫೋಟೋ ಹಾಕಿದಾಗ, ನೀವು ಉಜ್ಜಿದ್ದು ಕತ್ತಿಯನ್ನಲ್ಲ ಸ್ವಾಮಿ, ಅಜ್ಜನ ಮುಖವನ್ನು ಎಂದು ಬರೆದವನು ನಾನೇ. ಹನ್ನೆರಡು ಮಂದಿ ಹೆಬ್ಬೆರಳು ಎತ್ತಿದ್ದರು.

ಮಾದಾಪುರದ ಮೇಲಿನ ಗುಡ್ಡದಲ್ಲಿ ಒಂದು ಮನೆ ಇತ್ತು. ಅರೆಭಾಷೆ ಮಾತಾಡುವ ಗೌಡರ ಮನೆ. ಸುತ್ತ ಅವರದೇ ಕಾಫಿ ತೋಟ. ಆ ಮನೆಯ ಯಜಮಾನರ ಇಬ್ಬರು ಮಕ್ಕಳೂ ನನ್ನ ಕೈಯಲ್ಲಿ ಓದಿದವರು, ಆದ್ದರಿಂದ ನನಗೆ ಅಲ್ಲಿ ಮೇಷ್ಟ್ರು ಎಂಬ ಪದವಿಯೂ ಬಂದಾಗಲೆಲ್ಲ ಕಾಫಿಯೂ ಖಾಯಂ ಆಗಿದ್ದವು. ಒಳಗಿನ ಕೋಣೆಯಲ್ಲಿ, ದೀಪ ಇಡುವ ಜಾಗದ ಪಕ್ಕ, ಒಂದು ಕತ್ತಿ ತೂಗುತ್ತಿತ್ತು. ಒರೆಯೊಳಗೆ ಇತ್ತು. ಹಿಡಿ ಎಂಬುದು ಹೊಗೆ, ಎಣ್ಣೆ, ಗಂಧ, ಕುಂಕುಮ ಎಲ್ಲ ಸೇರಿ ಒಣಗಿದ ಒಂದು ಕರಿಯ ಮುದ್ದೆ. ಆದರೆ ಒರೆಯ ಬಾಗು ನೋಡಿದ ದಿನವೇ ನನಗೆ ಒಳಗಿನದರ ಜಾತಿ ತಿಳಿದಿತ್ತು. ಒಮ್ಮೆ ತೆಗೆದು ನೋಡಲೇ ಎಂದು ಕೇಳಿದೆ. ಯಜಮಾನರು ತಾಯಿಯ ಮುಖ ನೋಡಿದರು. ಆ ಅಮ್ಮ, ಅದು ವರ್ಷಕ್ಕೆ ಒಂದೇ ದಿನ ಇಳಿಯುವುದು, ಮೇಷ್ಟ್ರು ಬಂದರು ಅಂತ ಇಳಿಯುವುದಿಲ್ಲ ಎಂದರು. ಆ ಒಂದು ದಿನ ಕೈಲ್ ಮುಹೂರ್ತ: ನಾಟಿ ಮುಗಿದ ಮೇಲೆ ಕೋವಿ, ಕತ್ತಿ, ಬೇಸಾಯದ ಸಾಮಾನು ಎಲ್ಲ ದೀಪದ ಮುಂದೆ ಇಟ್ಟು ಹೂವಿಟ್ಟು ಕೈಮುಗಿಯುವ ಹಬ್ಬ. ಆ ದಿನ ನಾನು ಪ್ರತಿ ವರ್ಷ ನನ್ನ ಅತ್ತೆಯ ಮನೆಯಲ್ಲಿ ಇರಬೇಕಾಗುತ್ತಿತ್ತು. ಅತ್ತೆಯ ಮನೆಯಲ್ಲೂ ಕತ್ತಿ ಇರಲಿಲ್ಲ. ಹೀಗೆ ಮೂವತ್ತು ವರ್ಷ ನಾನು ಒಂದು ಒರೆಯನ್ನು ನೋಡಿಕೊಂಡು ಕಾಫಿ ಕುಡಿದೆ.

ಆಮೇಲೆ ಗುಡ್ಡ ಜಾರಿದ ಆ ಮಳೆಗಾಲ ಬಂತು. ಅದರ ವಿಷಯದಲ್ಲಿ ನಗೆಯಾಡಲು ನನಗೆ ಬರುವುದಿಲ್ಲ. ಆ ಮನೆಯವರು ಹಿಂದಿನ ದಿನವೇ ಕೆಳಗೆ ಇಳಿದು ಶಾಲೆಗೆ ಬಂದಿದ್ದರಿಂದ ಜನ ಉಳಿದರು. ನಾನು ಮೂವತ್ತು ವರ್ಷ ಬರೆದ ಕಪ್ಪು ಹಲಗೆಯ ಕೆಳಗೆ ಆ ಅಮ್ಮ ಹದಿನೈದು ದಿನ ಮಲಗಿದರು. ಮನೆ, ಕಣ, ಕೊಟ್ಟಿಗೆ, ಮೇಲಿನ ತೋಟ ಎಲ್ಲ ಒಂದೇ ಬೆಳಿಗ್ಗೆ ಕೆಳಗೆ ಹರಿಯುವ ತೋಡಿಗೆ ಹೋಯಿತು. ಕೋವಿ ಹೋಯಿತು, ದೀಪ ಹೋಯಿತು, ಸತ್ತವರ ಫೋಟೋಗಳು ಹೋದವು. ಅವರಿಗೆ ದೂರದಲ್ಲಿ ಸಾಲು ಮನೆಗಳ ಕಾಲನಿಯಲ್ಲಿ ಒಂದು ಮನೆ ಸಿಕ್ಕಿತು, ಬಾಗಿಲ ಮೇಲೆ ನಂಬರ್ ಬರೆದದ್ದು.

ಮರು ಬೇಸಿಗೆಯಲ್ಲಿ ರಸ್ತೆಗೆಂದು ಆ ಮಣ್ಣನ್ನು ಜೆಸಿಬಿ ಕೆದಕುವಾಗ ಕತ್ತಿ ಸಿಕ್ಕಿತು. ಕಬ್ಬಿಣದ ಪೈಪು ಎಂದುಕೊಂಡು ಡ್ರೈವರು ಬದಿಗೆ ಹಾಕಿದ್ದನಂತೆ. ಯಜಮಾನರು ಅದನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ನೇರ ನನ್ನ ಮನೆಗೆ ಬಂದರು. ಚೀಲ ಬಿಚ್ಚಿದರೆ ಒಂದು ಉದ್ದನೆಯ ಮಣ್ಣಿನ ಗಟ್ಟಿ. ಒರೆಯ ಮರ ಕೊಳೆತು ಉಬ್ಬಿ ಕತ್ತಿಯನ್ನು ಕಚ್ಚಿ ಹಿಡಿದಿತ್ತು. ಅವರು ಕುರ್ಚಿಯಲ್ಲಿ ಕೂತರು, ಕಾಫಿ ಮುಟ್ಟಲಿಲ್ಲ.

"ಅಮ್ಮ ದಿನಾ ಕೇಳ್ತಾರೆ ಮೇಷ್ಟ್ರೇ. ಕೈಲ್ ಮುಹೂರ್ತಕ್ಕೆ ದೀಪದ ಮುಂದೆ ಇಡ್ಲಿಕ್ಕೆ ನಮಗೆ ಬೇರೆ ಎಂಥದೂ ಉಳೀಲಿಲ್ಲ. ಚಂದ ಮಾಡುದು ಎಲ್ಲ ಬೇಡ. ಜೀವ ಉಳಿದ್ರೆ ಸಾಕು."

ಉಳಿಸಿ ಕೊಡುತ್ತೇನೆ ಎಂದೆ. ಹಬ್ಬಕ್ಕೆ ಇನ್ನೂ ಮೂರು ತಿಂಗಳಿಗಿಂತ ಹೆಚ್ಚು ಸಮಯವಿತ್ತು.

ಮೊದಲ ತಿಂಗಳು ನಾನು ನಡೆದುಕೊಂಡ ರೀತಿಗೆ ಯಾವ ಕೋರ್ಟಿನಲ್ಲೂ ಸಾಕ್ಷಿ ಹೇಳಬಲ್ಲೆ. ಮಣ್ಣನ್ನು ಒದ್ದೆ ಬಟ್ಟೆಯಿಂದ ಬಿಡಿಸಿದೆ. ಒರೆಯ ಬಾಯಿಗೆ ಸೀಮೆಎಣ್ಣೆ ಹನಿಸಿ ದಿನಗಟ್ಟಲೆ ಕಾದೆ. ತೇವ ಆರಲೆಂದು ಬಚ್ಚಲ ಒಲೆಯ ಪಕ್ಕ ನಿಲ್ಲಿಸಿದೆ. ಇಂಥ ಕತ್ತಿಗಳ ಟೊಳ್ಳು ಹಿಡಿಯೊಳಗೆ ಅರಗು ಕರಗಿಸಿ ಸುರಿದು ಅಲಗಿನ ಬಾಲವನ್ನು ಅದರೊಳಗೆ ನಿಲ್ಲಿಸಿರುತ್ತಾರೆ, ಬಿಸಿ ತಾಗಿದರೆ ಬಿಟ್ಟುಕೊಳ್ಳುತ್ತದೆ ಎಂಬುದು ನನಗೆ ಗೊತ್ತಿತ್ತು. ಗುಂಪಿನಲ್ಲಿ ಮೂರು ಸಲ ಬರೆದಿದ್ದೆ. ಒಂದು ಬೆಳಿಗ್ಗೆ ಎಳೆದಾಗ ಹಿಡಿ ಮಾತ್ರ ಕೈಗೆ ಬಂತು. ಹೆದರಲಿಲ್ಲ. ಅರಗು ಮತ್ತೆ ತುಂಬಬಹುದು. ಒರೆ ಮುಟ್ಟಿದಲ್ಲೆಲ್ಲ ಪುಡಿಯಾಗುತ್ತಿತ್ತು, ಅದನ್ನು ಬಿಡಿಸಿ ತೆಗೆದೆ. ಹೀಗೆ ಆ ಅಲಗು ಹೊರಬಂತು. ಇಡೀ ಮೈ ಕೆಂಪು ತುಕ್ಕು, ಹರಿತದ ಬಾಯಿಯ ಉದ್ದಕ್ಕೂ ಕಚ್ಚು. ಹಿಡಿಯಿಂದ ಒಂದು ಗೇಣು ಕೆಳಗೆ ಒಂದು ದೊಡ್ಡ ಕಚ್ಚು, ಕಿರುಬೆರಳಿನ ಉಗುರು ಕೂರುವಷ್ಟು.

ಎಣ್ಣೆ ಹಚ್ಚಿ ಒರೆಸಿ ಸುಮ್ಮನಿರಬೇಕಿತ್ತು. ನಾನು ಎಣ್ಣೆ ಹಚ್ಚಿದೆ, ಒರೆಸಿದೆ.

ಸುಮ್ಮನಿರುವ ಬದಲು ವಿರಾಜಪೇಟೆಗೆ ಹೋದೆ. ಅಲ್ಲಿ ಕರಿಮೆಣಸಿನ ವ್ಯಾಪಾರಿ ಒಬ್ಬರಿದ್ದಾರೆ, ನನ್ನ ಹಾಗೆಯೇ ಈ ರೋಗದವರು, ಆದರೆ ರೋಗ ಅನುಭವಿಸಲು ಬೇಕಾದ ಅನುಕೂಲ ಇರುವವರು. ಮನೆಯ ತುಂಬ ಕತ್ತಿ. ಹಿಡಿಗೆ ತುಂಬಲು ಒಳ್ಳೆಯ ಅರಗು ಅವರಲ್ಲಿ ಸಿಗುತ್ತದೆ ಎಂಬುದು ನಾನು ಹೆಂಡತಿಗೆ ಹೇಳಿದ ಕಾರಣ. ಕತ್ತಿಯನ್ನೂ ಯಾಕೆ ಹೊತ್ತುಕೊಂಡು ಹೋದೆ ಎಂದು ಅವಳು ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಅವರು ಅಲಗನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು, ಮೂಸಿದರು, ಕಣ್ಣು ಕಿರಿದು ಮಾಡಿದರು. ಅವರ ಮನೆಮಾತು ಮಲಯಾಳ. ನನ್ನನ್ನು ಮಾಷೇ ಎನ್ನುತ್ತಾರೆ.

"ಮಾಷೇ, ಇದರಲ್ಲಿ ನೀರುಂಟು. ನೀವು ನೋಡದೆ ಹಾಗೇ ಕೊಟ್ರೆ ಅವರೂ ನೋಡುದಿಲ್ಲ. ಮತ್ತೆ ಯಾರು ನೋಡುದು?"

ಬಸ್ಸಿನಲ್ಲಿ ಮಡಿಕೇರಿ ತಲುಪುವವರೆಗೆ ಆ ಪ್ರಶ್ನೆಗೆ ಉತ್ತರ ಹುಡುಕಿದೆ. ಮನೆಗೆ ಬಂದು ಒಂದು ಹೆಬ್ಬೆರಳಗಲದ ಜಾಗ ಮಾತ್ರ ಉಜ್ಜಿದೆ. ಅಧ್ಯಯನದ ಉದ್ದೇಶಕ್ಕಾಗಿ. ಎಮರಿ ಕಾಗದ ದಪ್ಪದ್ದು, ಆಮೇಲೆ ಸಣ್ಣದ್ದು, ಆಮೇಲೆ ಬೂದಿ. ಉಕ್ಕು ಬೆಳ್ಳಗಾದ ಮೇಲೆ ನೀರು ಏಳಬೇಕಾದರೆ ಹುಳಿ ಬೇಕು. ಅಡುಗೆಮನೆಯಲ್ಲಿ ಹಂದಿ ಮಾಂಸಕ್ಕೆಂದು ಇಟ್ಟ ಕಾಚಂಪುಳಿ ಇತ್ತು, ಪುನರ್ಪುಳಿಯ ಜಾತಿಯ ಹಣ್ಣಿನ ರಸ ಕಾಯಿಸಿ ಇಳಿಸಿದ ಕರಿಯ ಹುಳಿ. ಒಂದು ಚಮಚ ಕದ್ದು, ನೀರು ಬೆರೆಸಿ, ಹತ್ತಿಯಲ್ಲಿ ಸವರಿದೆ.

ಎದ್ದಿತು. ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ ಆಯಿತು ನನಗೆ. ಕರಿಯ ಅಲೆ, ಅದರ ಹಿಂದೆ ಬೂದು ಅಲೆ, ಅದರೊಳಗೆ ಕೂದಲೆಳೆಯಂಥ ಬಿಳಿ. ಮೂವತ್ತು ವರ್ಷ ಒರೆಯ ಹೊರಗೆ ಕೂತು ಕಾಫಿ ಕುಡಿದವನಿಗೆ ಒಳಗಿನವರು ಬಾಗಿಲು ತೆರೆದಂತೆ.

ಆ ಮೇಲಿನ ದಿನಗಳ ಬಗ್ಗೆ ನನಗೆ ಹೇಳಿಕೊಳ್ಳಲು ಏನೂ ಸಮರ್ಥನೆ ಇಲ್ಲ. ಒಂದು ಹೆಬ್ಬೆರಳಗಲ ಬೆಳ್ಳಗಾದ ಮೇಲೆ ಉಳಿದ ಕೆಂಪು ಅಸಹ್ಯವಾಗಿ ಕಂಡಿತು. ಅರ್ಧ ಆದ ಮೇಲೆ ಇನ್ನರ್ಧ ಬಿಡುವುದು ಅನ್ಯಾಯ ಎನಿಸಿತು. ಇಡೀ ಮೈ ಆದ ಮೇಲೆ ಬಾಯಿಯ ಕಚ್ಚುಗಳು ಒಳ್ಳೆಯ ಹಾಡಿನ ನಡುವೆ ಕೆಮ್ಮಿದ ಹಾಗೆ ಕಂಡವು. ಅವು ತುಕ್ಕು ತಿಂದದ್ದು, ಮಣ್ಣಿನಲ್ಲಿ ಆದದ್ದು ಎಂದು ನನಗೆ ನಾನೇ ಹೇಳಿಕೊಂಡೆ. ತುಕ್ಕು ತಿಂದರೆ ಅಂಚು ಹಾಗೆ ಮಡಚುವುದಿಲ್ಲ, ಏಟು ತಡೆದರೆ ಮಾತ್ರ ಮಡಚುತ್ತದೆ ಎಂದು ನನಗೆ ಗೊತ್ತು. ಅರ ಹಿಡಿದು ಇಡೀ ಅಲಗಿನ ಬಾಯನ್ನು ಒಂದು ಭತ್ತದ ಕಾಳಿನಷ್ಟು ಒಳಕ್ಕೆ ತಂದೆ, ದೊಡ್ಡ ಕಚ್ಚು ಮಾಯವಾಗುವವರೆಗೆ. ಸಾಣೆಕಲ್ಲಿನಲ್ಲಿ ನುಣುಪು ಮಾಡಿದೆ. ಹಿಡಿಯ ಕರಿಯ ಮುದ್ದೆಯನ್ನು ಬಿಸಿನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಿಂದ ಬಿಡಿಸಿದೆ. ಅದರ ಕೆಳಗೆ ಬೆಳ್ಳಿಯ ತಂತಿಯಲ್ಲಿ ಕೂರಿಸಿದ ಹೂಬಳ್ಳಿ ಇತ್ತು. ಆ ಮನೆಯಲ್ಲಿ ಬದುಕಿದ್ದ ಯಾರೂ ನೋಡಿರದ ಬಳ್ಳಿ. ಅರಗು ತುಂಬಿ ಹಿಡಿಯನ್ನು ಕೂರಿಸಿದೆ. ಪುಡಿಯಾದ ಒರೆಯನ್ನು ಬಚ್ಚಲ ಒಲೆಗೆ ಹಾಕಿದೆ. ಅಂದು ನೀರು ಬೇಗ ಕಾಯಿತು.

ಕೆಲಸ ಮುಗಿದ ದಿನ ಅದನ್ನು ಹೆಂಡತಿಯ ಮುಂದೆ ಹಿಡಿದೆ. ಅವಳು ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿದಳು. "ರೀ, ಇದ್ಯಾರ್ದು?" ಎಂದಳು. ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ವಿರಾಜಪೇಟೆಯವರಿಗೆ ಫೋಟೋ ಕಳಿಸಿದೆ. ಅವರು ಉತ್ತರ ಬರೆಯದೆ ಫೋನ್ ಮಾಡಿ, ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿದರು.

ಕೈಲ್ ಮುಹೂರ್ತದ ಬೆಳಿಗ್ಗೆ ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಕಾಲನಿಗೆ ಹೋದೆ. ಆ ವರ್ಷ ಅತ್ತೆಯ ಮನೆಯಿಂದ ನನಗೆ ವಿನಾಯಿತಿ ಸಿಕ್ಕಿತ್ತು. ಮನೆ ಚಿಕ್ಕದು. ಹಜಾರದ ಮೂಲೆಯಲ್ಲಿ ಒಂದು ಮಣೆ, ಅಂಗಡಿಯಿಂದ ತಂದ ಹೊಸ ದೀಪ. ಮಣೆಯ ಮೇಲೆ ಹೊಸ ಕುಡುಗೋಲು, ಹಾರೆ, ತೆಂಗಿನಕಾಯಿ ತುರಿಯುವ ಮಣೆ. ಪಕ್ಕದಲ್ಲಿ ಒಂದು ತಟ್ಟೆ ತುಂಬ, ಈ ಹಬ್ಬಕ್ಕೆ ಕೋವಿಯ ಬಾಯಿಗೆ ಸಿಕ್ಕಿಸುವ ಕೆಂಪು ಹಳದಿ ಕೋವಿ ಹೂ, ಸಿಕ್ಕಿಸಲು ಕೋವಿ ಇಲ್ಲದೆ. ಮಧ್ಯದಲ್ಲಿ ಉದ್ದಕ್ಕೆ ಜಾಗ ಬಿಟ್ಟಿದ್ದರು. ಮೂವತ್ತು ಜನ ಸೇರುತ್ತಿದ್ದ ಹಬ್ಬಕ್ಕೆ ಮನೆಯವರು, ಅಕ್ಕಪಕ್ಕದ ಇಬ್ಬರು, ನಾನು.

ಬಟ್ಟೆ ಬಿಚ್ಚಿದೆ. ಯಜಮಾನರು ನೋಡಿದರು. ಅವರ ಮುಖದಲ್ಲಿ ಒಂದು ಸಂತೋಷ ಏಳುವುದನ್ನು ಕಾಯುತ್ತಿದ್ದೆ. ಎದ್ದದ್ದು ಮರ್ಯಾದೆ. ಗುರುತಿಲ್ಲದ ದೊಡ್ಡ ಮನುಷ್ಯರು ಮನೆಗೆ ಬಂದಾಗ ಏಳುತ್ತದಲ್ಲ, ಅದು. ಬಹಳ ಚಂದ ಉಂಟು ಎಂದರು. ಆಮೇಲೆ ತಾಯಿಯ ಕಡೆ ತಿರುಗಿದರು.

ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಮಾತ್ರ ಕಾಣುತ್ತಿತ್ತು. ಕೊಡು ಎಂದು ಕೈ ಚಾಚಿದರು. ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಹಿಡಿಯನ್ನು ಮುಟ್ಟಿದರು. ಬೆಳ್ಳಿಯ ಬಳ್ಳಿಯ ಮೇಲೆ ಬೆರಳು ಒಂದು ಸಲ ಹೋಗಿ, ಹಿಂದೆ ಬಂದು, ಮತ್ತೆ ಹೋಯಿತು. ಆಮೇಲೆ ಸೆರಗಿನ ತುದಿಯನ್ನು ನಾಲ್ಕು ಮಡಿಕೆ ಮಾಡಿ, ಅಲಗಿನ ಬಾಯಿಯನ್ನು ಅದರೊಳಗೆ ಹಿಡಿದು, ಹಿಡಿಯ ಬುಡದಿಂದ ನಿಧಾನವಾಗಿ ಎಳೆದರು. ಸೊಸೆಯಾಗಿ ಬಂದ ವರ್ಷದಿಂದ ಹಬ್ಬದ ಬೆಳಿಗ್ಗೆ ಆ ಕತ್ತಿಯನ್ನು ಬೂದಿ ಹಾಕಿ ಹಂದಿ ಕೊಬ್ಬು ಸವರಿ ಒರೆಸುತ್ತಿದ್ದದ್ದು ಅವರೇ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸೆರಗು ಒಂದು ಗೇಣು ದಾಟಿತು. ಅವರ ಕೈ ಅಲ್ಲಿ ನಿಂತಿತು. ಹಿಂದಕ್ಕೆ ತಂದು ಇನ್ನೊಮ್ಮೆ ಎಳೆದರು. ಎಲ್ಲೂ ಸಿಕ್ಕಿಕೊಳ್ಳದೆ ಸೆರಗು ತುದಿಯವರೆಗೆ ಜಾರಿಕೊಂಡು ಹೋಯಿತು.

ಮಗನ ಹತ್ತಿರ ಅವರು ಅರೆಭಾಷೆಯಲ್ಲೇ ಮಾತಾಡುವುದು. "ಇದ್ ನಮ್ಮದ್ ಅಲ್ಲ," ಎಂದರು. "ನಮ್ಮದ್ ಎಲ್ಲುಟ್ಟು?" ತಮ್ಮದು ಎಲ್ಲಿದೆ ಎಂದು ಕೇಳುತ್ತಿದ್ದರು.

ಒಂದು ಗೇಣು ಕೆಳಗೆ ಇದ್ದ ಆ ಕಚ್ಚಿನಲ್ಲಿ ಪ್ರತಿ ವರ್ಷ ಒರೆಸುವ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತಂತೆ. ಮೊದಲ ವರ್ಷ ಬೆರಳು ಕೊಯ್ದುಕೊಂಡಿದ್ದರಂತೆ. ಅವರ ಅತ್ತೆ ನಕ್ಕು, ನನಗೂ ಅಲ್ಲೇ ಕೊಯ್ದದ್ದು ಎಂದಿದ್ದರಂತೆ. ಯಜಮಾನರು ಇದನ್ನು ನನಗೆ ತಗ್ಗಿದ ದನಿಯಲ್ಲಿ ಕನ್ನಡ ಮಾಡಿ ಹೇಳಿದರು.

ನಾನು ಬಾಯಿ ತೆರೆದೆ. ತರಗತಿಯಲ್ಲಿ ನಲವತ್ತೈದು ನಿಮಿಷ ತಡೆಯಿಲ್ಲದೆ ಮಾತಾಡಿದ ಬಾಯಿ. ಇದೇ ಅದು, ಕಚ್ಚನ್ನು ಅರದಿಂದ ತೆಗೆದವನು ನಾನು, ಬಾಯನ್ನು ಒಳಕ್ಕೆ ತಂದವನು ನಾನು, ಹಿಡಿಯ ಕಪ್ಪನ್ನು ತೊಳೆದವನು ನಾನು ಎಂದೆ. ಫೋನು ತೆಗೆದು ಮಣ್ಣಿನ ಗಟ್ಟಿಯ ಫೋಟೋ ತೋರಿಸಿದೆ. ಅದರಲ್ಲಿ ಕಾಣುತ್ತಿದ್ದದ್ದು ಮಣ್ಣಿನ ಗಟ್ಟಿ. ತುಕ್ಕಿನ ಅಲಗಿನ ಫೋಟೋ ತೆಗೆದಿರಲಿಲ್ಲ, ಉಜ್ಜುವ ಅವಸರದಲ್ಲಿದ್ದೆ. ಒರೆ ಬೂದಿಯಾಗಿತ್ತು. ಕಪ್ಪು ಮುದ್ದೆ ಬಚ್ಚಲಿನ ಮೋರಿಯಲ್ಲಿ ಹೋಗಿತ್ತು. ಕಳ್ಳನೊಬ್ಬ ಕೂಡ ಇಷ್ಟು ಅಚ್ಚುಕಟ್ಟಾಗಿ ಸಾಕ್ಷಿ ಅಳಿಸಲಾರ.

ಯಜಮಾನರು ಎಲ್ಲ ಕೇಳಿದರು, ತಲೆಯಾಡಿಸಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಬಾಗಿಲ ಹೊರಗೆ ಕರೆದುಕೊಂಡು ಹೋದರು. ಈಗ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆ.

"ಮೇಷ್ಟ್ರೇ, ನಮ್ಮದು ಮಣ್ಣಲ್ಲೇ ಮುಗಿದಿತ್ತು ಅಂತ ನನಗೆ ಚೀಲದಲ್ಲಿ ಹೊತ್ತುಕೊಂಡು ಬರುವಾಗ್ಲೇ ಗೊತ್ತಿತ್ತು," ಎಂದರು. "ನೀವು ನಿಮ್ಮದರಲ್ಲಿ ಒಂದನ್ನು ತಂದ್ರಿ. ಅದೂ ಒಳ್ಳೇದನ್ನೇ. ಯಾರು ಮಾಡ್ತಾರೆ ಹೇಳಿ?"

ನಾನು ಅವರ ಎರಡೂ ಕೈ ಹಿಡಿದುಕೊಂಡೆ. ನನ್ನ ಕೋಣೆಗೆ ಬನ್ನಿ, ಏಳೂ ಗೋಡೆಯ ಮೇಲೆ ಇವೆ, ಎಣಿಸಿ ಎಂದೆ. ನನ್ನ ಯಾವ ಕತ್ತಿಗೂ ನೀರಿಲ್ಲ, ಇದಕ್ಕಿದೆ, ಇಂಥದ್ದು ನನ್ನಲ್ಲಿದ್ದರೆ ನಾನು ಯಾರಿಗೂ ಕೊಡುವವನಲ್ಲ, ನಿಮಗೂ ಕೊಡುವುದಿಲ್ಲ ಎಂದೆ. ಅದು ನನ್ನ ಜೀವನದಲ್ಲಿ ನಾನು ಆಡಿದ ಅತಿ ಪ್ರಾಮಾಣಿಕ ಮಾತು. ಅವರು ನಕ್ಕರು. ಕೊಟ್ಟವರು ಹೀಗೆಯೇ ಹೇಳುವುದು ಎಂದರು.

ಅವರನ್ನು ಎಷ್ಟು ಅಲುಗಿಸಿದರೂ ಅವರ ನಂಬಿಕೆಯಲ್ಲಿ ನಾನು ಇನ್ನಷ್ಟು ದೊಡ್ಡವನಾಗುತ್ತಿದ್ದೆ. ನನಗೆ ಅರ್ಥವಾದದ್ದು ಅಲ್ಲಿ, ಆ ನಂಬರ್ ಬರೆದ ಬಾಗಿಲ ಮುಂದೆ. ಗುಡ್ಡ ತೆಗೆದುಕೊಂಡು ಹೋಗಿ ಮತ್ತೆ ವಾಪಸು ಕೊಟ್ಟದ್ದನ್ನು ನಾನು ತೆಗೆದುಕೊಂಡಿದ್ದೆ, ಮತ್ತು ಅದು ಅವರ ಮನೆಯೊಳಗೇ, ಅವರ ತಾಯಿಯ ತೊಡೆಯ ಮೇಲೇ ಇತ್ತು. ಕೊನೆಗೆ ಅರ ತರಿಸಿ, ಅಮ್ಮ ತೋರಿಸಿದ ಜಾಗದಲ್ಲಿ ಕಚ್ಚು ಮತ್ತೆ ಹಾಕಿಕೊಡುತ್ತೇನೆ ಎಂದೆ. ಯಜಮಾನರ ನಗು ನಿಂತಿತು. ಅಂಥದ್ದೆಲ್ಲ ಬೇಡ ಮೇಷ್ಟ್ರೇ ಎಂದು ಒಳಗೆ ನಡೆದರು.

ಒಳಗೆ ಬಂದು ತಾಯಿಯ ಕಿವಿಯ ಹತ್ತಿರ ಬಗ್ಗಿ, ನಮ್ಮದು ಉಳಿಯಲಿಲ್ಲ, ಇದು ಮೇಷ್ಟ್ರು ಕೊಟ್ಟದ್ದು, ಇನ್ನು ಮೇಲೆ ಇದೇ ನಮ್ಮದು ಎಂದು ಹೇಳಿದರು. ಅಮ್ಮ ಕತ್ತಿಯನ್ನು ತೊಡೆಯ ಮೇಲಿಂದ ಎತ್ತಿ ಮಗನಿಗೆ ಕೊಟ್ಟರು, ನೆರೆಮನೆಯ ಪಾತ್ರೆ ವಾಪಸು ಕೊಡುವ ಹಾಗೆ. ಕೊಟ್ಟವರೇ ಮೊದಲು ಇಡಬೇಕು ಎಂದು ಯಜಮಾನರು ಅದನ್ನು ನನ್ನ ಕೈಗೆ ಹಾಕಿದರು. ಎಲ್ಲರೂ ನೋಡುತ್ತಿದ್ದರು. ಮಣೆಯ ಮೇಲೆ ಬಿಟ್ಟಿದ್ದ ಜಾಗದಲ್ಲಿ ಇಟ್ಟೆ. ದೀಪದ ಬೆಳಕಿಗೆ ಅಲಗಿನ ನೀರು ಅಲುಗಿತು. ನೆರೆಯವನೊಬ್ಬ ಅಬ್ಬಾ ಎಂದ. ಅದಕ್ಕಿಂತ ಚಂದದ ಕತ್ತಿಯನ್ನು ನಾನು ಇಂದಿಗೂ ನೋಡಿಲ್ಲ; ಆ ಕ್ಷಣದಲ್ಲಿ ಅದನ್ನು ಗುಡ್ಡದ ಮಣ್ಣಿನೊಳಗೆ ಮತ್ತೆ ಹೂತು ಬರುವುದಕ್ಕೆ ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಹೂವಿಟ್ಟರು, ಅಕ್ಕಿ ಹಾಕಿದರು, ಕೈಮುಗಿದರು. ಅಮ್ಮ ಕುಡುಗೋಲಿನ ಮೇಲೆ ಹೂವಿಟ್ಟರು, ಹಾರೆಯ ಮೇಲೆ ಇಟ್ಟರು, ತುರಿಮಣೆಯ ಮೇಲೆ ಇಟ್ಟರು. ಕತ್ತಿಯ ಮೇಲೆ ಅವರ ಸೊಸೆ, ಯಜಮಾನರ ಹೆಂಡತಿ, ಇಟ್ಟಳು.

ಊಟಕ್ಕೆ ಕೂತೆವು. ಅಕ್ಕಿ ತರಿಯ ಕಡುಬು, ಹಂದಿ ಸಾರು. ನನಗೆ ಗೋಡೆಯ ಪಕ್ಕ ಒಳ್ಳೆಯ ಜಾಗ, ಎಲೆಯ ಮುಂದೆ ನೀರಿಗೊಂದು, ಹಬ್ಬದ ಮದ್ಯಕ್ಕೊಂದು ಲೋಟ. ಎಲೆಯ ಮೇಲಿದ್ದ ಕಡುಬನ್ನು ನಾನು ಬೆರಳಿನಲ್ಲಿ ಮುರಿಯುತ್ತ ಕೂತೆ. ಬಡಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ಅಮ್ಮ, ಸೊಸೆಯ ಕೈಯಿಂದ ಕಡುಬಿನ ಪಾತ್ರೆ ತೆಗೆದುಕೊಂಡು, ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಬಗ್ಗಿದರು. ಉಳಿದವರಿಗೆ ಕೇಳಿಸದ ಹಾಗೆ, ಕನ್ನಡದಲ್ಲಿ ಕೇಳಿದರು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ.

"ನಮ್ಮದನ್ನ ಯಾರಿಗೆ ಕೊಟ್ರಿ ಮೇಷ್ಟ್ರೇ? ವಾಪಸ್ ಕೇಳುದಿಲ್ಲ ನಾನು. ಯಾವ ಮನೇಲಿ ಉಂಟು ಅಂತ ಗೊತ್ತಾದ್ರೆ ಸಾಕು."

ಅದು ಅಲ್ಲೇ ಇದೆ ಅಮ್ಮ, ದೀಪದ ಮುಂದೆ, ಅದೇ ಅದು ಎಂದೆ. ಅವರು ದೀಪದ ಬೆಳಕು ಇದ್ದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಪಾತ್ರೆಯಲ್ಲಿ ತಡಕಿ, ನಾನು ಕೇಳದಿದ್ದರೂ ಇನ್ನೊಂದು ಕಡುಬನ್ನು ನನ್ನ ಎಲೆಗೆ ಹಾಕಿದರು.

"ಆಯ್ತು, ಹೇಳುದು ಬೇಡ," ಎಂದರು. "ತಿನ್ನಿ, ತಣೀತದೆ."